ಹಂದಿಯ ಲಾಡಿಹುಳುವೂ ಅದರ ನಿವಾರಣೋಪಾಯವೂ

ಉಳುವುದಕ್ಕೆ ಸಾಕಷ್ಟು ಭೂಮಿಯಿಲ್ಲದ ಬಡ ಸಂಸಾರಗಳಿಗೆ ಹಂದಿಯು ಕೂಡಿಟ್ಟ ಗಂಟಿನಂತೆ ಇರುತ್ತದೆ. ಅದಕ್ಕೆ ಮೇವನ್ನು ಕೊಂಡು ಹಾಕಬೇಕಾದದ್ದಿಲ್ಲ. ಬೆಳಿಗ್ಗೆ ಬಿಟ್ಟರೆ ಊರ ಸುತ್ತಲೂ ಅಲೆದು, ಸಿಕ್ಕಿದ್ದನ್ನು ತಿಂದು, ಸಂಜೆಗೆ ತಾನಾಗಿಯೇ ಹಿಂದಿರುಗುತ್ತದೆ. ಮಕ್ಕಳ ಶಾಲೆಯ ಖರ್ಚೋ, ಮನೆಯವರ ಕಾಯಿಲೆಯೋ, ಮದುವೆಯೋ ಒದಗಿದಾಗ ಅದನ್ನು ಮಾರಿದರೆ ಹಣವು ಕೈಗೆ ಬರುತ್ತದೆ. ದಕ್ಷಿಣ ಅಮೆರಿಕ, ಆಫ್ರಿಕ ಮತ್ತು ಏಷ್ಯಾ ಖಂಡಗಳ ಬಡ ದೇಶಗಳಲ್ಲಿ ಲಕ್ಷಾಂತರ ರೈತರು ಹಂದಿಗಳನ್ನು ಸಾಕುವುದು ಈ ಪ್ರಕಾರವಾಗಿಯೇ. ಆದರೆ ಹಂದಿಗಳನ್ನು ಹೀಗೆ ಬಿಟ್ಟು ಸಾಕುವ ಪದ್ಧತಿಯೂ, ಜನರು ಬಯಲಿನಲ್ಲಿ ಮಲವಿಸರ್ಜನೆ ಮಾಡುವ ಪದ್ಧತಿಯೂ ಒಂದೇ ಊರಿನಲ್ಲಿ ಕೂಡಿಬಂದರೆ, ಅಲ್ಲಿ ಲಾಡಿಹುಳುವೆಂಬ ಒಂದು ಜಂತು ನೆಲೆಗೊಳ್ಳುತ್ತದೆ. ಅದು ಹಂದಿಯ ಬೆಲೆಯನ್ನು ಕೆಡಿಸುವುದು ಮಾತ್ರವಲ್ಲದೆ ಮನುಷ್ಯರ ಮಿದುಳನ್ನು ಹೊಕ್ಕು ಮೂರ್ಛೆರೋಗವನ್ನು ಉಂಟುಮಾಡುತ್ತದೆ. ಈ ಹುಳುವು ನೆಲೆಸಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗಿಗಳ ಪೈಕಿ ನೂರಕ್ಕೆ ಸುಮಾರು 30 ಮಂದಿಯ ಕಾಯಿಲೆಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸಿರುತ್ತಾರೆ. ಇದನ್ನು ಒಂದು ಇಡೀ ಪ್ರಾಂತದಲ್ಲಿಯೇ ತಡೆಗಟ್ಟಬಹುದೆಂಬುದು ಪೆರು ದೇಶದ ಟುಂಬೆಸ್ ಎಂಬಲ್ಲಿ ಕಂಡುಬಂದಿದೆ. ಆ ಕೆಲಸದ ವಿವರವನ್ನು ತಿಳಿಯುವುದಕ್ಕೆ ಮೊದಲು ಹುಳುವಿನ ಜೀವನಕ್ರಮವನ್ನು ತಿಳಿಯುವುದು ಅವಶ್ಯಕ.

ಹುಳುವಿನ ಜೀವನಕ್ರಮ:— ಬೆಳೆದ ಲಾಡಿಹುಳುವು ಮನುಷ್ಯನ ಸಣ್ಣ ಕರುಳಿನಲ್ಲಿ ವಾಸಿಸುತ್ತದೆ. ಬೇರೆ ಯಾವ ಪ್ರಾಣಿಯ ಕರುಳಿನಲ್ಲಿಯೂ ಅದು ಸ್ವಾಭಾವಿಕವಾಗಿ ಪೂರ್ಣ ಬೆಳವಣಿಗೆಯನ್ನು ಹೊಂದುವುದಿಲ್ಲ. ಇದರ ಉದ್ದವು ಸಾಧಾರಣವಾಗಿ 7ರಿಂದ 13 ಅಡಿಗಳವರೆಗೆ ಇರುವುದುಂಟು. ಗುಂಡುಸೂಜಿಯ ತಲೆಯಷ್ಟಿರುವ ಅದರ ತಲೆಯಲ್ಲಿ ನಾಲ್ಕು ಹೀರುಬಟ್ಟಲುಗಳೂ, ಎರಡು ಸುತ್ತು ಕೊಕ್ಕೆಗಳೂ ಇರುತ್ತವೆ. ಇವುಗಳಿಂದ ಅದು ಕರುಳಿನ ಗೋಡೆಯನ್ನು ಕಚ್ಚಿಕೊಂಡಿರುತ್ತದೆ. ತಲೆಯ ಹಿಂದೆ ಚಪ್ಪಟೆಯಾದ ಖಂಡಗಳು ಲಾಡಿಯಂತೆ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಕೊನೆಯ ಖಂಡಗಳು ಬಲಿತು ಕಳಚಿ ಮಲದೊಡನೆ ಹೊರಕ್ಕೆ ಬೀಳುತ್ತವೆ. ಇಂತಹ ಒಂದೊಂದು ಖಂಡದಲ್ಲಿಯೂ ಸುಮಾರು 50,000 ಮೊಟ್ಟೆಗಳಿರುತ್ತವೆ. ಇಷ್ಟು ದೊಡ್ಡ ಜಂತು ಹೊಟ್ಟೆಯೊಳಗಿದ್ದರೂ ಅದನ್ನು ಹೊತ್ತವನಿಗೆ ಬಹುತೇಕ ಯಾವ ಬಾಧೆಯೂ ತಿಳಿಯುವುದಿಲ್ಲ. ರೋಗನಿವಾರಣೆಯ ಕೆಲಸದಲ್ಲಿ ಅತ್ಯಂತ ದೊಡ್ಡ ತೊಡಕು ಇದೇ.

ಬಯಲಿನಲ್ಲಿ ಬಿದ್ದ ಮಲವನ್ನು ಹಂದಿಯು ತಿಂದಾಗ ಮೊಟ್ಟೆಗಳು ಅದರ ಹೊಟ್ಟೆಯನ್ನು ಸೇರಿ ಒಡೆಯುತ್ತವೆ. ಒಳಗಿನ ಸೂಕ್ಷ್ಮವಾದ ಮರಿಗಳು ಕರುಳನ್ನು ಕೊರೆದು ರಕ್ತದೊಡನೆ ಹರಿದು ಮಾಂಸಖಂಡಗಳಲ್ಲಿ ನೆಲೆಗೊಳ್ಳುತ್ತವೆ. ಎರಡು ಮೂರು ತಿಂಗಳುಗಳಲ್ಲಿ ಪ್ರತಿಯೊಂದು ಮರಿಯೂ ಬೆಂದ ಸಾಬಕ್ಕಿ ಕಾಳನ್ನು ಹೋಲುವ, ನೀರು ತುಂಬಿದ ಗುಳ್ಳೆಯಾಗುತ್ತದೆ. ಗುಳ್ಳೆಯೊಳಗೆ ಬೆಳ್ಳಗೆ ಕಾಣುವ ಚುಕ್ಕೆಯೇ ಮುಂದಿನ ಹುಳುವಿನ ತಲೆ. ಇಂತಹ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಆ ತಲೆಯು ಹೊರಬಂದು ಕಚ್ಚಿಕೊಂಡು, ಸುಮಾರು ಎರಡು ತಿಂಗಳಲ್ಲಿ ಪೂರ್ಣವಾದ ಹುಳುವಾಗಿ ಮತ್ತೆ ಮೊಟ್ಟೆಗಳನ್ನು ಹೊರಹಾಕತೊಡಗುತ್ತದೆ.

ಹಂದಿಯ ಮಾಂಸದಲ್ಲಿ ಗುಳ್ಳೆಗಳಿರುವುದು ಬಹಳ ಹಿಂದಿನಿಂದ ಜನರಿಗೆ ಗೊತ್ತಿತ್ತು. ಗ್ರೀಸ್ ದೇಶದ ಅರಿಸ್ಟಾಟಲನು ಇವುಗಳನ್ನು ಆಲಿಕಲ್ಲಿಗೆ ಹೋಲಿಸಿ, ಹಂದಿಯ ನಾಲಗೆಯ ಕೆಳಭಾಗದಲ್ಲಿ ಕಾಣಬಹುದೆಂದು ಬರೆದಿದ್ದಾನೆ. ಆದರೆ ಗುಳ್ಳೆಗೂ ಮನುಷ್ಯನ ಹೊಟ್ಟೆಯ ಲಾಡಿಹುಳುವಿಗೂ ಇರುವ ಸಂಬಂಧವು ತಿಳಿಯಬೇಕಾದರೆ 1855ನೆಯ ಇಸವಿಯವರೆಗೆ ಕಾಯಬೇಕಾಯಿತು. ಆ ವರ್ಷ ಜರ್ಮನಿಯ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯನು ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಅಪರಾಧಿಗೆ ಈ ಗುಳ್ಳೆಗಳನ್ನು ಆಹಾರದಲ್ಲಿ ಸೇರಿಸಿ ತಿನ್ನಿಸಿದನು. ದಂಡನೆಯ ತರುವಾಯ ಶವವನ್ನು ಪರೀಕ್ಷಿಸಿದಾಗ ಕರುಳಿನಲ್ಲಿ ಎಳೆಯ ಲಾಡಿಹುಳುಗಳು ಕಚ್ಚಿಕೊಂಡಿದ್ದುದನ್ನು ಕಂಡನು. ಇಂತಹ ಪ್ರಯೋಗವನ್ನು ಈ ಕಾಲದಲ್ಲಿ ಯಾರೂ ಒಪ್ಪತಕ್ಕದ್ದಲ್ಲ. ಆದಾಗ್ಯೂ ಅದರಿಂದ ಸಂದೇಹವು ಪರಿಹಾರವಾಯಿತೆಂಬುದು ನಿಜ.

ಮಾಂಸವನ್ನು ತಿನ್ನದವರಿಗೂ ರೋಗ:— ಹಂದಿಯ ಮಾಂಸವನ್ನು ತಿನ್ನುವುದರಿಂದಲೇ ಮಿದುಳಿಗೆ ಹುಳುವು ಸೇರುತ್ತದೆಂದು ಸರ್ವೇಸಾಧಾರಣವಾಗಿ ಜನರು ತಿಳಿದಿರುತ್ತಾರೆ. ಇದು ತಪ್ಪು ತಿಳಿವಳಿಕೆ. ಗುಳ್ಳೆಯಿರುವ ಮಾಂಸವನ್ನು ತಿಂದವನಿಗೆ ಹೊಟ್ಟೆಯಲ್ಲಿ ಲಾಡಿಹುಳುವು ಬೆಳೆಯುತ್ತದೆಯೇ ಹೊರತು ಮಿದುಳಿನಲ್ಲಿ ಗುಳ್ಳೆಯು ಏಳುವುದಿಲ್ಲ. ಮಿದುಳಿನ ಗುಳ್ಳೆಗೆ ಕಾರಣವು ಹುಳುವಿನ ಮೊಟ್ಟೆ. ಹುಳುವನ್ನು ಹೊತ್ತ ಮನುಷ್ಯನು ಮಲವಿಸರ್ಜನೆಯ ನಂತರ ಕೈಯನ್ನು ಚೆನ್ನಾಗಿ ತೊಳೆಯದೆ ಅಡಿಗೆ ಮಾಡಿದರೆ, ಅಥವಾ ಮಲದಿಂದ ಕೆಟ್ಟ ನೀರು ತರಕಾರಿಗೆ ತಗಲಿದರೆ, ಮೊಟ್ಟೆಗಳು ಬೇರೊಬ್ಬನ ಬಾಯಿಯನ್ನು ಸೇರುತ್ತವೆ. ಆಗ ಆ ಮನುಷ್ಯನ ದೇಹದಲ್ಲಿ ಹಂದಿಯ ದೇಹದಲ್ಲಾಗುವಂತೆಯೇ ಗುಳ್ಳೆಗಳು ಏಳುತ್ತವೆ. ಹುಳುವಿನ ಪಾಲಿಗೆ ಆಗ ಮನುಷ್ಯನೇ ಹಂದಿಯ ಸ್ಥಾನದಲ್ಲಿರುತ್ತಾನೆಂದು ಹೇಳಬಹುದು.

ಇದಕ್ಕೆ ನಿದರ್ಶನವಾಗಿ 1992ರಲ್ಲಿ ಪ್ರಕಟವಾದ ಒಂದು ಸಂಗತಿಯನ್ನು ಹೇಳಬಹುದು. ಅಮೆರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ, ಧರ್ಮನಿಷೇಧದಿಂದ ಹಂದಿಯ ಮಾಂಸವನ್ನು ಮುಟ್ಟದ ಯೆಹೂದ್ಯರ ಒಂದು ಸಮಾಜದಲ್ಲಿ ನಾಲ್ವರಿಗೆ ಮಿದುಳಿನ ಗುಳ್ಳೆಗಳು ಕಂಡುಬಂದವು. ವಿಚಾರಿಸಿ ನೋಡಲಾಗಿ, ರೋಗವು ಹರಡುವ ದೇಶಗಳಿಂದ ಬಂದು ಆ ಮನೆಗಳಲ್ಲಿ ಕೆಲಸಕ್ಕಿದ್ದವರ ಮೂಲಕ ಅದು ತಗಲಿದಂತೆ ಗೊತ್ತಾಯಿತು. ನಮ್ಮ ದೇಶದಲ್ಲಿಯೂ ಶಾಕಾಹಾರಿಗಳಿಗೆ ಈ ರೋಗವು ಬರುವುದು ಅಪರೂಪವಲ್ಲ. ತಮಿಳುನಾಡಿನ ವೆಲ್ಲೂರು ಪ್ರದೇಶದಲ್ಲಿ ಮೂರ್ಛೆರೋಗಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ ಅವರ ಪೈಕಿ ಸುಮಾರು ಮೂರನೆಯ ಒಂದು ಪಾಲಿನವರಿಗೆ ಈ ಗುಳ್ಳೆಯೇ ಕಾರಣವಾಗಿತ್ತು. ಇದಕ್ಕೂ ಮುಂಚೆ, ಭಾರತದಲ್ಲಿ ಸೇವೆ ಮಾಡಿ ಸ್ವದೇಶಕ್ಕೆ ಹಿಂದಿರುಗಿದ ಬ್ರಿಟಿಷ್ ಸೈನಿಕರಲ್ಲಿ ಅನೇಕರಿಗೆ ಕೆಲವು ವರ್ಷಗಳ ಮೇಲೆ ಮೂರ್ಛೆಯು ಕಾಣಿಸಿಕೊಳ್ಳುತ್ತಿತ್ತು. ಇಂಗ್ಲೆಂಡಿನ ಸೈನ್ಯದ ವೈದ್ಯರು ಮುಖ್ಯವಾಗಿ ಇಂತಹವರೇ ಸೇರಿದ್ದ 450 ಮಂದಿ ರೋಗಿಗಳ ಚರಿತ್ರೆಯನ್ನು 1961ರಲ್ಲಿ ಪ್ರಕಟಿಸಿದರು. ಗುಳ್ಳೆಯು ಮಿದುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ತಾನು ಸಾಯುವ ಕಾಲದಲ್ಲಿ ಸುತ್ತಲೂ ಊತವನ್ನುಂಟುಮಾಡಿ ಮೂರ್ಛೆಯನ್ನು ತರುತ್ತದೆಂಬುದು ಇಂತಹ ಪರಿಶೀಲನೆಗಳಿಂದ ತಿಳಿದುಬಂತು.

ಹೊಸದಾಗಿ ರೋಗವು ಹೊಕ್ಕ ಪ್ರದೇಶದಲ್ಲಿ ಏನಾಗುತ್ತದೆಂಬುದಕ್ಕೆ ಇಂಡೊನೇಷ್ಯಕ್ಕೆ ಸೇರಿದ ಪಪುವಾ ಬೆಟ್ಟನಾಡೇ ಸಾಕ್ಷಿ. 1970ರ ದಶಕದಲ್ಲಿ ಬಾಲಿ ದ್ವೀಪದಿಂದ ಅಲ್ಲಿಗೆ ಹಂದಿಗಳು ಬಂದವು. ಅವುಗಳೊಡನೆ ಹುಳುವೂ ಬಂತು. ಕೆಲವು ವರ್ಷಗಳಲ್ಲಿ ಪಾನಿಯಾಯ್ ಸರೋವರಗಳ ಸುತ್ತಣ ಜನರು ಭಯಂಕರವಾದ ಸುಟ್ಟಗಾಯಗಳಿಂದ ಆಸ್ಪತ್ರೆಗೆ ಬರತೊಡಗಿದರು. ಆ ಬೆಟ್ಟಗಳಲ್ಲಿ ರಾತ್ರಿಯ ಚಳಿಗೆ ಮನೆಯ ಮಧ್ಯದಲ್ಲಿ ಬೆಂಕಿ ಹಾಕಿಕೊಂಡು ಅದರ ಪಕ್ಕದಲ್ಲಿಯೇ ಮಲಗುವುದು ರೂಢಿ. ನಿದ್ರೆಯಲ್ಲಿ ಮೂರ್ಛೆ ಬಂದವರು ಬೆಂಕಿಯೊಳಕ್ಕೆ ಉರುಳಿ ಬೀಳುತ್ತಿದ್ದರು. ಗಾಯವನ್ನು ನೋಡಿದ ವೈದ್ಯರು ಮೊದಲು ಮೂರ್ಛೆಯನ್ನೂ, ಮೂರ್ಛೆಯಿಂದ ಗುಳ್ಳೆಯನ್ನೂ, ಗುಳ್ಳೆಯಿಂದ ಹಂದಿಯನ್ನೂ ಕಂಡುಹಿಡಿಯಬೇಕಾಯಿತು.

ಹಿಂದಿನ ಉಪಾಯಗಳೂ ಅವುಗಳ ತೊಡಕೂ:— ಯೂರೋಪಿನ ಅನೇಕ ದೇಶಗಳಲ್ಲಿ ಈ ಹುಳುವು ಒಂದಾನೊಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಹಂದಿಗಳನ್ನು ಕೊಟ್ಟಿಗೆಗಳಲ್ಲಿ ಕಟ್ಟಿ ಸಾಕಿದ್ದು, ಮನೆಮನೆಗೂ ಕಕ್ಕಸುಗಳಾದದ್ದು, ಕಸಾಯಿಖಾನೆಗಳಲ್ಲಿ ಮಾಂಸವನ್ನು ಪರೀಕ್ಷಿಸಿ ಕೆಟ್ಟದ್ದನ್ನು ನಾಶಪಡಿಸಿದ್ದು, ಇವು ಮೂರೂ ಸೇರಿ ಅಲ್ಲಿ ಅದನ್ನು ಅಳಿಸಿಹಾಕಿದವು. ಆದರೆ ಇದಕ್ಕೆ ಹಲವು ತಲೆಮಾರುಗಳ ಕಾಲವೂ, ದೇಶದ ಒಟ್ಟು ಐಶ್ವರ್ಯದ ವೃದ್ಧಿಯೂ ಬೇಕಾಯಿತು. ಬಡ ದೇಶಗಳಿಗೂ ಇದನ್ನೇ ಉಪದೇಶಿಸುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. ಹಂದಿಯನ್ನು ಕಟ್ಟಿಹಾಕಿದ ದಿನದಿಂದ ಅದಕ್ಕೆ ಮೇವನ್ನು ಕೊಂಡು ಹಾಕಬೇಕಾಗುತ್ತದೆ. ಖರ್ಚಿಲ್ಲದೆ ಬೆಳೆಯುತ್ತದೆಂಬ ಕಾರಣಕ್ಕಾಗಿಯೇ ಹಂದಿಯನ್ನು ಸಾಕುತ್ತಿದ್ದ ರೈತನು ಅದನ್ನು ಎರಡೇ ವಾರಗಳಲ್ಲಿ ಮತ್ತೆ ಬಿಚ್ಚಿ ಬಿಟ್ಟರೆ ಅವನನ್ನು ಅವಿವೇಕಿಯೆಂದು ಹೇಳಲಾಗುವುದಿಲ್ಲ.

ಮಾಂಸಪರೀಕ್ಷೆಯ ವಿಷಯದಲ್ಲಿಯೂ ಹೀಗೆಯೇ. ಪೆರು ದೇಶದ ಹಳ್ಳಿಗಳಲ್ಲಿ ಹಂದಿಯನ್ನು ಕೊಳ್ಳುವ ವ್ಯಾಪಾರಿಯು ಮೊದಲು ಅದನ್ನು ಕೆಡವಿ, ಬಾಯನ್ನು ಕೋಲಿನಿಂದ ತೆರೆಯಿಸಿ, ನಾಲಗೆಯ ಕೆಳಗೆ ಬೆರಳಾಡಿಸಿ ನೋಡುತ್ತಾನೆ. ಗುಳ್ಳೆಯು ಕೈಗೆ ಸಿಕ್ಕಿದರೆ ಬೆಲೆಯು ಇಳಿಯುತ್ತದೆ. ರೈತನೂ ಈ ವಿದ್ಯೆಯನ್ನು ಬಲ್ಲನು. ಆದ್ದರಿಂದ ಗುಳ್ಳೆಯಿರುವ ಹಂದಿಯು ಸರ್ಕಾರದ ಕಸಾಯಿಖಾನೆಯ ಬಾಗಿಲಿಗೆ ಬರುವುದೇ ಇಲ್ಲ. ಅಲ್ಲಿ ಪರಿಹಾರವಿಲ್ಲದೆ ಅದನ್ನು ಸುಟ್ಟುಹಾಕುತ್ತಾರೆಂದು ಎಲ್ಲರಿಗೂ ಗೊತ್ತಿರುವುದರಿಂದ, ಅದು ಕಡಿಮೆ ಬೆಲೆಗೆ ಗುಟ್ಟಾಗಿ ಮಾರಾಟವಾಗಿ ಅಥವಾ ಮನೆಯಲ್ಲಿಯೇ ಕೊಯ್ಯಲ್ಪಟ್ಟು ಬಡವರ ಒಲೆಯನ್ನು ಸೇರುತ್ತದೆ. ಹೀಗೆ, ರೋಗವುಳ್ಳ ಹಂದಿಯ ನಷ್ಟವನ್ನೆಲ್ಲ ರೈತನೊಬ್ಬನ ಮೇಲೆಯೇ ಹೊರಿಸುವ ಕಾನೂನು ರೋಗವುಳ್ಳ ಮಾಂಸವನ್ನು ಪರೀಕ್ಷಕನ ಕಣ್ಣಿನಿಂದ ದೂರ ಮಾಡುತ್ತದೆ.

ಟುಂಬೆಸ್ ಪ್ರಾಂತದ ಕೆಲಸ:— ಟುಂಬೆಸ್ ಎಂಬುದು ಪೆರು ದೇಶದ ವಾಯವ್ಯ ಮೂಲೆಯಲ್ಲಿ, ಈಕ್ವೆಡಾರ್ ದೇಶದ ಗಡಿಗೆ ಹೊಂದಿಕೊಂಡಿರುವ ಸಮುದ್ರತೀರದ ಪ್ರಾಂತ. ಮೂರ್ಛೆರೋಗವೂ ಬಿಟ್ಟು ಸಾಕಿದ ಹಂದಿಗಳೂ ಅಲ್ಲಿ ಹೇರಳವಾಗಿದ್ದವು. ಡಾಕ್ಟರ್ ಹೆಕ್ಟರ್ ಗಾರ್ಸಿಯಾ ಅವರೂ ಅವರ ಸಹೋದ್ಯೋಗಿಗಳಾದ ವೈದ್ಯರೂ ಪಶುವೈದ್ಯರೂ ಅಲ್ಲಿ ಮೂರು ಹಂತಗಳಲ್ಲಿ ಕೆಲಸ ನಡೆಸಿ ಅದರ ಫಲವನ್ನು 2016ರಲ್ಲಿ ಪ್ರಕಟಿಸಿದರು.

ಮೊದಲನೆಯ ಹಂತದಲ್ಲಿ 42 ಹಳ್ಳಿಗಳನ್ನು ಆರಿಸಿಕೊಂಡು ಆರು ಬಗೆಯ ಉಪಾಯಗಳನ್ನು ಪ್ರಯೋಗಿಸಿ ನೋಡಿದರು. ಜನರನ್ನೂ ಹಂದಿಗಳನ್ನೂ ಪರೀಕ್ಷಿಸುವುದು, ಔಷಧ ಕೊಡುವುದು, ತಿಳಿವಳಿಕೆ ಹೇಳುವುದು, ರೋಗದ ಹಂದಿಗಳನ್ನು ತೆಗೆದುಕೊಂಡು ಅವುಗಳಿಗೆ ಬದಲು ಒಳ್ಳೆಯ ಹಂದಿಗಳನ್ನು ಕೊಡುವುದು, ಹೀಗೆ ಒಂದೊಂದು ಕಡೆ ಒಂದೊಂದು ಕ್ರಮವನ್ನು ಅನುಸರಿಸಲಾಯಿತು. ಇವುಗಳ ಪೈಕಿ ಎರಡು ಮಾತ್ರ ಸ್ವಲ್ಪಮಟ್ಟಿಗೆ ಫಲಿಸಿದವು. ಉಳಿದವುಗಳಿಂದ ಹೇಳಿಕೊಳ್ಳುವಂತಹ ಪ್ರಯೋಜನವಾಗಲಿಲ್ಲ. ಇಂತಹ ಸೋಲನ್ನು ಮುಚ್ಚಿಡದೆ ವರದಿಯಲ್ಲಿ ಬರೆದದ್ದು ಆ ವೈದ್ಯರಿಗೆ ಗೌರವವನ್ನು ತರುವ ವಿಷಯ. ಏಕೆಂದರೆ ಅರೆಮನಸ್ಸಿನ ಕೆಲಸದಿಂದ ಈ ಹುಳುವು ಹೋಗುವುದಿಲ್ಲವೆಂಬುದು ಇದರಿಂದಲೇ ಸ್ಪಷ್ಟವಾಯಿತು. ಎರಡನೆಯ ಹಂತದಲ್ಲಿ 17 ಹಳ್ಳಿಗಳಲ್ಲಿ, ಎಲ್ಲರನ್ನೂ ಪರೀಕ್ಷಿಸಿ ರೋಗವುಳ್ಳವರಿಗೆ ಮಾತ್ರ ಔಷಧ ಕೊಡುವುದು ಮೇಲೋ, ಪರೀಕ್ಷೆಯಿಲ್ಲದೆ ಎಲ್ಲರಿಗೂ ಔಷಧ ಕೊಡುವುದು ಮೇಲೋ ಎಂದು ಹೋಲಿಸಿ ನೋಡಿದರು. ಹಂದಿಗಳಿಗೆ ಚುಚ್ಚುಮದ್ದನ್ನು ಹಾಕಿಯೂ ಹಾಕದೆಯೂ ನೋಡಿದರು.

ಮೂರನೆಯ ಹಂತದಲ್ಲಿ ಪ್ರಾಂತದ ಗ್ರಾಮಾಂತರ ಪ್ರದೇಶವೆಲ್ಲವನ್ನೂ ಕೈಗೆ ತೆಗೆದುಕೊಂಡರು. 107 ಹಳ್ಳಿಗಳು, 81,170 ಜನರು, 55,638 ಹಂದಿಗಳು, ಇಷ್ಟು ಆ ಕೆಲಸದ ವ್ಯಾಪ್ತಿ. ಜನರಿಗೆಲ್ಲ ಹುಳುವಿನ ಔಷಧವನ್ನೂ, ಹಂದಿಗಳಿಗೆಲ್ಲ ಔಷಧವನ್ನೂ ಚುಚ್ಚುಮದ್ದನ್ನೂ ಏಕಕಾಲದ ಕೆಲಸವಾಗಿ ನಡೆಸಲಾಯಿತು. ತರುವಾಯ ಹಂದಿಗಳನ್ನು ಕೊಂಡು ಕೊಯ್ದು ಮಾಂಸವನ್ನು ತೆಳುವಾಗಿ ಸೀಳಿ ಪರೀಕ್ಷಿಸಿದಾಗ 107 ಹಳ್ಳಿಗಳ ಪೈಕಿ 105ರಲ್ಲಿ ಜೀವಂತವಾದ ಗುಳ್ಳೆಯುಳ್ಳ ಹಂದಿಯು ಒಂದಾದರೂ ಸಿಕ್ಕಲಿಲ್ಲ.

ಈ ಫಲವು ಹೇಗೆ ಲಭಿಸಿತೆಂಬುದನ್ನು ಯೋಚಿಸಿದರೆ ಅದರ ಯುಕ್ತಿಯು ತಿಳಿಯುತ್ತದೆ. ಜನರಿಗೆ ಮಾತ್ರ ಔಷಧ ಕೊಟ್ಟರೆ ಹಂದಿಗಳಲ್ಲಿ ಉಳಿದ ಗುಳ್ಳೆಗಳಿಂದ ಎರಡು ತಿಂಗಳಲ್ಲಿ ಹೊಸ ಹುಳುಗಳು ಬೆಳೆಯುತ್ತವೆ. ಹಂದಿಗಳಿಗೆ ಮಾತ್ರ ಕೊಟ್ಟರೆ ಊರಿನಲ್ಲಿ ಉಳಿದ ಒಬ್ಬನೇ ಹುಳುವುಳ್ಳ ಮನುಷ್ಯನು ಹೊಸ ಮರಿಗಳಿಗೆಲ್ಲ ಮೊಟ್ಟೆಗಳನ್ನು ಉಣಬಡಿಸುತ್ತಾನೆ. ಎರಡು ಮನೆಗಳ ಬಾಗಿಲನ್ನೂ ಒಟ್ಟಿಗೆ ಮುಚ್ಚಿದರೆ ಮಾತ್ರ ಹುಳುವಿಗೆ ಹೋಗುವುದಕ್ಕೆ ಸ್ಥಳವಿರುವುದಿಲ್ಲ. ಕಾಡುಪ್ರಾಣಿಗಳಲ್ಲಿ ಅದಕ್ಕೆ ಗಣನೀಯವಾದ ಆಶ್ರಯವಿಲ್ಲದಿರುವುದು ಮನುಷ್ಯನ ಅದೃಷ್ಟ. ಈ ಕಾರಣಗಳಿಂದಲೇ ಸಂಪೂರ್ಣವಾಗಿ ನಿರ್ಮೂಲ ಮಾಡಬಹುದಾದ ರೋಗಗಳ ಪಟ್ಟಿಯಲ್ಲಿ ಇದನ್ನು ತಜ್ಞರ ಅಂತರರಾಷ್ಟ್ರೀಯ ಮಂಡಲಿಯೊಂದು 1993ರಲ್ಲಿಯೇ ಸೇರಿಸಿತು.

ಔಷಧಗಳ ವಿಚಾರ:— ಟುಂಬೆಸಿನಲ್ಲಿ ಮನುಷ್ಯರಿಗೆ ಕೊಟ್ಟದ್ದು ನಿಕ್ಲೋಸಮೈಡ್ ಎಂಬ ಔಷಧ. ಇದು ಕರುಳಿನಿಂದ ರಕ್ತಕ್ಕೆ ಹೆಚ್ಚಾಗಿ ಸೇರದೆ, ಕರುಳಿನಲ್ಲಿರುವ ಹುಳುವನ್ನು ಮಾತ್ರ ಕೊಲ್ಲುತ್ತದೆ. ಪ್ರಾಜಿಕ್ವಾಂಟೆಲ್, ಆಲ್ಬೆಂಡಜೋಲ್ ಮೊದಲಾದ ಔಷಧಗಳೂ ಹುಳುವಿನ ಮೇಲೆ ಕೆಲಸ ಮಾಡುತ್ತವೆ. ಆದರೆ ಇವು ರಕ್ತದ ಮೂಲಕ ಮಿದುಳನ್ನೂ ಸೇರುವುದರಿಂದ, ತನಗೆ ತಿಳಿಯದೆಯೇ ಮಿದುಳಿನಲ್ಲಿ ಗುಳ್ಳೆಗಳನ್ನು ಹೊತ್ತಿರುವವನಿಗೆ ಗುಳ್ಳೆಯು ಒಮ್ಮೆಗೇ ಸತ್ತು ಊತವಾಗಿ ತಲೆನೋವು ಅಥವಾ ಮೂರ್ಛೆಯು ಬರುವ ಸಂಭವವುಂಟು. ಆದ್ದರಿಂದ ಇಡೀ ಊರಿಗೆ ಔಷಧವನ್ನು ಹಂಚುವಲ್ಲಿ ಔಷಧದ ಆಯ್ಕೆಯು ಸಣ್ಣ ವಿಷಯವಲ್ಲ. ಮೂರ್ಛೆಯಿರುವವರು ಅಂಗಡಿಯಿಂದ ಹುಳುವಿನ ಮಾತ್ರೆಗಳನ್ನು ತಾವಾಗಿಯೇ ಕೊಂಡು ನುಂಗಕೂಡದು. ಮಿದುಳಿನ ಚಿತ್ರವನ್ನು ತೆಗೆಯಿಸಿ, ಆಸ್ಪತ್ರೆಯಲ್ಲಿ ವೈದ್ಯರು ಊತವನ್ನು ತಗ್ಗಿಸುವ ಔಷಧದೊಡನೆ ಕೊಟ್ಟಂತೆ ತೆಗೆದುಕೊಳ್ಳಬೇಕು.

ಹಂದಿಗಳಿಗೆ ಆಕ್ಸ್‌ಫೆಂಡಜೋಲ್ ಎಂಬ ಔಷಧವನ್ನು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 30 ಮಿಲಿಗ್ರಾಮಿನಂತೆ ಒಂದೇ ಸಲ ಬಾಯಿಯ ಮೂಲಕ ಕುಡಿಯಿಸುತ್ತಾರೆ. ಇದರಿಂದ ಮಾಂಸದಲ್ಲಿರುವ ಗುಳ್ಳೆಗಳು ಸಾಯುತ್ತವೆ. ಸತ್ತ ಗುಳ್ಳೆಯ ಗುರುತು ಮಾಂಸದಲ್ಲಿ ಕರಗಿಹೋಗುವುದಕ್ಕೆ ಎರಡು ಮೂರು ತಿಂಗಳು ಬೇಕು. ಆದ ಕಾರಣ ಔಷಧವನ್ನು ಕುಡಿಸಿದ ಮರುದಿನವೇ ಹಂದಿಯನ್ನು ಕೊಯ್ಯುವುದರಲ್ಲಿ ಲಾಭವಿಲ್ಲ. ಅಲ್ಲದೆ ಔಷಧದ ಅಂಶವು ಮಾಂಸದಿಂದ ಹೋಗುವವರೆಗೆ, ಅಂದರೆ ಚೀಟಿಯಲ್ಲಿ ಕಾಣಿಸಿರುವ ಅವಧಿಯವರೆಗೆ, ಅದನ್ನು ತಿನ್ನತಕ್ಕದ್ದಲ್ಲ. ಚುಚ್ಚುಮದ್ದಿನ ಗುಣವು ಬೇರೆ. ಅದು ಇರುವ ಗುಳ್ಳೆಗಳನ್ನು ಕೊಲ್ಲುವುದಿಲ್ಲ, ಹೊಸದಾಗಿ ಗುಳ್ಳೆಯು ಏಳದಂತೆ ತಡೆಯುತ್ತದೆ. ಒಂದು ಹಿಂದಿನದನ್ನು ತೊಳೆಯುತ್ತದೆ, ಇನ್ನೊಂದು ಮುಂದಿನದನ್ನು ಕಾಯುತ್ತದೆ. ಆದುದರಿಂದಲೇ ಎರಡನ್ನೂ ಜೊತೆಯಾಗಿ ಉಪಯೋಗಿಸುವುದು ಉತ್ತಮ. ಈ ಚುಚ್ಚುಮದ್ದನ್ನು ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಮಾರ್ಷಲ್ ಲೈಟೌಲರ್ಸ್ ಅವರೂ ಅವರ ಸಹೋದ್ಯೋಗಿಗಳೂ ಕಂಡುಹಿಡಿದರು. ವ್ಯಾಪಾರಕ್ಕಾಗಿ ಅದನ್ನು ತಯಾರಿಸುವ ಕೆಲಸವು ನಮ್ಮ ನೆರೆಯ ಹೈದರಾಬಾದಿನಲ್ಲಿ, ಇಂಡಿಯನ್ ಇಮ್ಯುನೊಲಾಜಿಕಲ್ಸ್ ಎಂಬ ಕಾರ್ಖಾನೆಯಲ್ಲಿ ನಡೆಯುತ್ತದೆಂಬುದು ಇಲ್ಲಿನ ಓದುಗರಿಗೆ ಸಂತೋಷದ ಸಂಗತಿ. ಸಿಸ್ವ್ಯಾಕ್ಸ್ ಎಂಬುದು ಅದರ ಹೆಸರು. ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಹಾಕಿದರೆ ಮಾತ್ರ ಅದರ ಪೂರ್ಣ ಫಲವು ದೊರೆಯುತ್ತದೆ.

ಎಲ್ಲ ಜನರಿಗೂ ಎಲ್ಲ ಹಂದಿಗಳಿಗೂ ಔಷಧವನ್ನು ಕೊಡುವಷ್ಟು ಹಣವಿಲ್ಲದ ಕಡೆಗಳಿಗಾಗಿ ಪೆರು ದೇಶದಲ್ಲಿಯೇ ಇನ್ನೊಂದು ಕ್ರಮವನ್ನು ಪರೀಕ್ಷಿಸಿರುತ್ತಾರೆ. ನಾಲ್ಕು ತಿಂಗಳಿಗೊಮ್ಮೆ ಊರಿನ ಹಂದಿಗಳ ನಾಲಗೆಗಳನ್ನು ನೋಡುವುದು; ಗುಳ್ಳೆಯು ಕಂಡ ಹಂದಿಯು ಸಿಕ್ಕಿದರೆ, ಅದರ ಮನೆಯಿಂದ 100 ಮೀಟರುಗಳ ಸುತ್ತಳತೆಯೊಳಗೆ ವಾಸಿಸುವವರನ್ನು ಮಾತ್ರ ಪರೀಕ್ಷಿಸಿ ಹುಳುವಿಗೆ ಔಷಧ ಕೊಡುವುದು. ಹಂದಿಯು ಬಹಳ ದೂರ ಅಲೆಯುವುದಿಲ್ಲವಾದ್ದರಿಂದ ಅದಕ್ಕೆ ಮೊಟ್ಟೆಯನ್ನು ಕೊಟ್ಟ ಮನುಷ್ಯನೂ ಹತ್ತಿರದಲ್ಲಿಯೇ ಇರಬೇಕೆಂಬುದು ಇದರ ತರ್ಕ. ವ್ಯಾಪಾರಿಯು ಬೆಲೆಯನ್ನು ಇಳಿಸುವುದಕ್ಕೆ ಉಪಯೋಗಿಸುತ್ತಿದ್ದ ನಾಲಗೆಯ ಪರೀಕ್ಷೆಯು ಇಲ್ಲಿ ಊರಿನ ಆರೋಗ್ಯಕ್ಕೆ ಉಪಯೋಗವಾಯಿತು. ಕೆಲವೇ ಗುಳ್ಳೆಗಳಿರುವ ಹಂದಿಗಳು ಈ ಪರೀಕ್ಷೆಗೆ ಸಿಕ್ಕದೆ ತಪ್ಪಿಸಿಕೊಳ್ಳುವುದುಂಟು. ಆದರೂ ಹೆಚ್ಚು ಗುಳ್ಳೆಗಳಿರುವ, ಹೆಚ್ಚು ಅಪಾಯಕರವಾದ ಹಂದಿಗಳು ಸಿಕ್ಕುತ್ತವೆ.

ಮನೆಗಳಲ್ಲಿ ವಹಿಸಬೇಕಾದ ಎಚ್ಚರಿಕೆಗಳು ಬಹಳ ಇಲ್ಲ. ಮಾಂಸದ ತುಂಡುಗಳನ್ನು ಚಿಕ್ಕದಾಗಿ ಕತ್ತರಿಸಿ, ಒಳಗಿನ ಕೆಂಪು ಪೂರ್ತಿಯಾಗಿ ಹೋಗುವಂತೆ ಬೇಯಿಸಿದರೆ ಗುಳ್ಳೆಯು ಬದುಕುವುದಿಲ್ಲ. ಕೆಂಡದ ಮೇಲೆ ಅರ್ಧಂಬರ್ಧ ಸುಟ್ಟ ಮಾಂಸವೇ ಅಪಾಯಕ್ಕೆ ಕಾರಣ. ಶೈತ್ಯಯಂತ್ರವಿರುವಲ್ಲಿ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಮೂರು ದಿನಗಳಿಟ್ಟರೂ ಗುಳ್ಳೆಗಳು ಸಾಯುತ್ತವೆ. ಅಡಿಗೆ ಮಾಡುವವರೂ, ಮಕ್ಕಳಿಗೆ ಊಟ ಮಾಡಿಸುವವರೂ ಸಾಬೂನಿನಿಂದ ಕೈಯನ್ನು ತೊಳೆದುಕೊಳ್ಳುವುದು ಮಾಂಸವನ್ನು ತಿನ್ನದ ಮನೆಗಳಲ್ಲಿಯೂ ಅಷ್ಟೇ ಅವಶ್ಯಕ. ಒಂದು ಮನೆಯಲ್ಲಿ ಒಬ್ಬನಿಗೆ ಮಿದುಳಿನ ಗುಳ್ಳೆಯೆಂದು ಗೊತ್ತಾದರೆ ಮಿಕ್ಕವರೆಲ್ಲರ ಮಲವನ್ನೂ ಪರೀಕ್ಷೆ ಮಾಡಿಸಬೇಕು. ಹುಳುವನ್ನು ಹೊತ್ತವನು ಬಹಳ ಸಲ ಅದೇ ಒಲೆಯ ಅನ್ನವನ್ನು ಉಣ್ಣುವವನೇ ಆಗಿರುತ್ತಾನೆ. ಇದರಲ್ಲಿ ಯಾರನ್ನೂ ದೂಷಿಸಿ ಪ್ರಯೋಜನವಿಲ್ಲ. ಅವನಿಗೂ ಅದು ತಿಳಿದಿರುವುದಿಲ್ಲ, ಮತ್ತು ಒಂದು ಸಲದ ಔಷಧದಿಂದ ಸಾಧಾರಣವಾಗಿ ಅದು ಹೋಗುತ್ತದೆ.

ಇನ್ನು ಉಳಿದಿರುವುದು ಖರ್ಚಿನ ಪ್ರಶ್ನೆ. ಚುಚ್ಚುಮದ್ದು ಹಾಕಿಸಿದ ಹಂದಿಗೆ ಸಂತೆಯಲ್ಲಿ ಹೆಚ್ಚು ಬೆಲೆಯು ದೊರೆಯುವುದಿಲ್ಲ. ಅದರ ಮುಖ್ಯವಾದ ಲಾಭವು ರೈತನಿಗಿಂತ ಹೆಚ್ಚಾಗಿ, ಮುಂದೆಂದೋ ಮೂರ್ಛೆಬೀಳದೆ ಉಳಿಯುವ ಯಾವನೋ ಒಬ್ಬನಿಗೆ ಸೇರುತ್ತದೆ. ಹೀಗಿರುವಲ್ಲಿ ಅದರ ಖರ್ಚನ್ನು ರೈತನೇ ಕೊಡಲಿ ಎನ್ನುವುದು ನ್ಯಾಯವಲ್ಲ; ಅದು ಸಾರ್ವಜನಿಕ ಆರೋಗ್ಯದ ಖರ್ಚು. ಆದರೆ ಹಂದಿಗೆ ಕುಡಿಸುವ ಔಷಧವು ಅದರ ಕರುಳಿನ ಇತರ ಜಂತುಗಳನ್ನೂ ಕೊಲ್ಲುವುದರಿಂದ, ಹಂದಿಯು ಚೆನ್ನಾಗಿ ಮೈಗೂಡುವುದನ್ನು ರೈತನು ತಾನೇ ನೋಡಬಹುದು, ಮತ್ತು ಮುಂದಿನ ಸಲ ಪಶುವೈದ್ಯನು ಬಂದಾಗ ಹಂದಿಗಳನ್ನು ಅಡಗಿಸದೆ ತಾನಾಗಿಯೇ ಹಿಡಿದು ಕೊಡುತ್ತಾನೆ. ಪಶುವೈದ್ಯನು ಮತ್ತೆ ಮತ್ತೆ ಬರಬೇಕಾದದ್ದಂತೂ ಅನಿವಾರ್ಯ. ಹಳ್ಳಿಯ ಹಂದಿಯ ಆಯುಸ್ಸು ಸಾಮಾನ್ಯವಾಗಿ ಒಂದು ವರ್ಷದ ಆಚೀಚೆ. ಇಂದು ಚುಚ್ಚುಮದ್ದು ಹಾಕಿದ ಹಂದಿಗಳಲ್ಲಿ ಬಹುಭಾಗವು ಮುಂದಿನ ವರ್ಷದ ವೇಳೆಗೆ ಮಾರಾಟವಾಗಿ, ಅವುಗಳ ಜಾಗದಲ್ಲಿ ಒಂದು ಸಲವೂ ಮದ್ದನ್ನು ಕಾಣದ ಮರಿಗಳು ಅದೇ ಬಯಲಿನಲ್ಲಿ ಅಲೆಯುತ್ತಿರುತ್ತವೆ.